ಪಿಳ್ಳಮ್ಮನವರ ಗುರುವಾರ

ಗುರುವಾರ ಸಂಜೆಯಾದರೆ ನಮ್ಮ ಮನೆ ಓನರ್ ಪಿಳ್ಳಮ್ಮನವರು ನನ್ನನ್ನೂ ನನ್ನ ಗಂಡ ಗಿರೀಶನನ್ನೂ ಹೊರಗೆ ಹಾಕಿ ಗೇಟು ಮುಚ್ಚುತ್ತಿದ್ದರು. ನಮ್ಮ ಪುಟ್ಟ ಮಗಳು ಅನು ಅವರ ಸೊಂಟದ ಮೇಲೆ ಕೂತು ನಮಗೆ ಟಾಟಾ ಮಾಡುತ್ತಿದ್ದಳು. ಗೊತ್ತಿಲ್ಲದವರು ನೋಡಿದ್ದರೆ, ಗಲಾಟೆ ಮಾಡುವ ಬಾಡಿಗೆದಾರರನ್ನು ಓಡಿಸುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ.

ಸಿ.ವಿ. ರಾಮನ್ ನಗರದ ಆ ಮನೆ ಎದ್ದಿದ್ದು ಪಿಳ್ಳಮ್ಮನವರು ಒಂದು ಕಾಲಕ್ಕೆ ರಾಗಿ ಬೆಳೆದ ಹೊಲದ ಮೇಲೆ. ಕೆಳಗೆ ಅವರೂ ಯಜಮಾನರಾದ ಯಲ್ಲಪ್ಪನವರೂ, ಹಿತ್ತಲಲ್ಲಿ ಗೌರಿ ಎಂಬ ಹಸು, ಮೇಲೆ ನಾವು. ಪಿಳ್ಳಮ್ಮನವರದು ಎತ್ತಿ ಕಟ್ಟಿದ ಸೀರೆ, ಬಾಯಲ್ಲಿ ಸದಾ ಎಲೆ ಅಡಿಕೆ. ಈ ಬದುವಿನಿಂದ ಆ ಬದುವಿಗೆ ಕೂಗಿ ಬೆಳೆದ ಗಂಟಲು, ಪಿಸುಮಾತು ಆಡಿದರೂ ಮೂರನೇ ಮನೆಗೆ ಕೇಳುತ್ತಿತ್ತು.

ನಮ್ಮ ಗಂಟಲೇನೂ ಕಡಿಮೆಯದಾಗಿರಲಿಲ್ಲ. ಅನು ಹುಟ್ಟಿದ ಮೇಲೆ ನಾನೂ ಗಿರೀಶನೂ ಬಾಯಿ ಬಿಡುತ್ತಿದ್ದದ್ದೇ ಜಗಳಕ್ಕೆ. ರಾತ್ರಿ ಯಾರು ಎದ್ದರು, ಯಾರು ಎದ್ದ ಹಾಗೆ ನಟಿಸಿದರು ಎನ್ನುವುದರಿಂದ ಶುರುವಾಗಿ ಎರಡೂ ಕಡೆಯ ಅಪ್ಪ ಅಮ್ಮಂದಿರವರೆಗೆ ಹೋಗುತ್ತಿತ್ತು. ಒಂದು ಗುರುವಾರ ಸಂಜೆ ನಾನು ನಿಜವಾಗಿಯೂ ಬಟ್ಟೆ ತುಂಬಿಕೊಂಡು ತವರಿಗೆ ಹೊರಟು ನಿಂತೆ. ಆಗ ಪಿಳ್ಳಮ್ಮನವರು ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲಿದ್ದ ನನ್ನ ಬ್ಯಾಗನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು.

"ಇಬ್ರೂ ಹೊರಗೋಗಿ ಜಗಳ ಆಡ್ಕೊಂಡ್ ಬನ್ನಿ. ಯಾವ್ದಾದ್ರೂ ಒಳ್ಳೆ ಹೋಟ್ಲಲ್ಲಿ. ನಾಲ್ಕ್ ಜನ ನೋಡ್ತಾರೆ ಅಂತ ಮೆತ್ತಗೆ ಮಾತಾಡ್ತೀರ. ಮೆತ್ತಗೆ ಮಾತಾಡುದ್ರೆ ಅರ್ಧ ಜಗಳ ಅಲ್ಲೇ ಮರ್ತೋಗ್ತದೆ."

"ಮಗು?" ಅಂದೆ.

"ನಾಲ್ಕು ಹೆತ್ತು ಸಾಕಿದೀನಿ ಕಣಮ್ಮ. ನಿನ್ ಮಗೀನೇನ್ ಕಳ್ದಾಕಲ್ಲ."

ತಮ್ಮ ಮುಡಿಯಿಂದಲೇ ಅರ್ಧ ಮಲ್ಲಿಗೆ ಕಿತ್ತು ನನಗೆ ಮುಡಿಸಿದರು. ಗಿರೀಶನ ಟೀ ಶರ್ಟು ನೋಡಿ, "ಏನಪ್ಪ, ಹೆಂಡ್ತಿ ಜೊತೆ ಹೋಗ್ತಿದ್ದೀಯೋ, ಕಸ ಹಾಕಕ್ಕೋ?" ಅಂದರು. ಅವನು ಹೋಗಿ ಶರ್ಟು ಬದಲಾಯಿಸಿದ. ನಾನು ಒಂದು ವರ್ಷದಿಂದ ಹೇಳಿ ಆಗದ ಕೆಲಸ ಅದು.

ಇಂದಿರಾನಗರದಲ್ಲಿ ಮುಖ ಕಾಣದಷ್ಟು ಮಂದ ಬೆಳಕಿದ್ದ ಒಂದು ಹೋಟೆಲಿನಲ್ಲಿ ಕೂತೆವು. ಜಗಳಕ್ಕೆ ಬಂದವರು ಜಗಳವನ್ನೂ ಆಡಲಿಲ್ಲ. ಮೊಬೈಲಿನಲ್ಲಿ ಅನುವಿನ ವಿಡಿಯೋಗಳನ್ನು ನೋಡಿ, ಗಬಗಬ ತಿಂದು, ಆಟೋ ಹಿಡಿದು ವಾಪಸು ಬಂದೆವು. ಪಿಳ್ಳಮ್ಮನವರು ಗೇಟು ತೆರೆಯಲಿಲ್ಲ. ಸರಳಿನ ಆ ಕಡೆಯಿಂದಲೇ ವಿಚಾರಣೆ ನಡೆಯಿತು.

"ಏನ್ ಮಾತಾಡುದ್ರಿ?"

"ಅದೇ... ಅನು ವಿಷಯ."

"ಅನು ಇಲ್ಲೇ ಮನ್ಗವ್ಳೆ. ಅವಳ್ ವಿಷ್ಯ ಮಾತಾಡಕ್ಕೆ ಅಷ್ಟು ದೂರ ಯಾಕೋಗಿದ್ರಿ? ಇನ್ನೊಂದ್ ರೌಂಡ್ ಹೊಡ್ಕೊಂಡ್ ಬನ್ನಿ, ಹೋಗಿ."

ಗಂಡ ಹೆಂಡತಿ ಇಬ್ಬರೂ ಬೀದಿಯಲ್ಲಿ ನಿಂತೆವು. ಗಿರೀಶ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ, ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹಾಗೆ ಇಬ್ಬರೂ ಒಟ್ಟಿಗೆ ನಕ್ಕು ಎಷ್ಟು ದಿನವಾಗಿತ್ತೋ. ತಳ್ಳುಗಾಡಿಯಲ್ಲಿ ಸುಟ್ಟ ಜೋಳ ಕೊಂಡು ತಿನ್ನುತ್ತಾ ಸುತ್ತಾಡಿದೆವು. ನಮ್ಮ ಸಂಸಾರ ಉಳಿದದ್ದು ಆ ಜೋಳದ ಹೊತ್ತಿನಲ್ಲಿ ಎಂದು ನಾನು ಈಗಲೂ ನಂಬಿದ್ದೇನೆ. ಆಮೇಲೆ ಗುರುವಾರ ಖಾಯಂ ಆಯಿತು.

ಒಂದು ದಿನ ಅವರು ಸೊಪ್ಪು ಸೋಸುತ್ತಿದ್ದಾಗ ಕೇಳಿದೆ, "ಅಮ್ಮ, ನೀವೂ ಯಜಮಾನರೂ ಹೀಗೆ ಹೋಗಿದ್ದೀರಾ?"

"ಆಸ್ಪತ್ರೆಗೆ ಹೋಗಿದೀವಿ. ಸಾವಿಗ್ ಹೋಗಿದೀವಿ. ಬಸ್ ತುಂಬ ಜನ ಕಟ್ಕೊಂಡ್ ಮದ್ವೆಗ್ ಹೋಗಿದೀವಿ. ಇಬ್ರೇ, ಸುಮ್ನೆ... ಇಲ್ಲ ಕಣಮ್ಮ." ಸೊಪ್ಪಿನ ಕಡ್ಡಿ ಮುರಿಯುತ್ತಾ, "ಹಲಸೂರಲ್ಲಿ ಅವ್ರ ಎದುರಿಗ್ ಕೂತು ಒಂದ್ ಮಸಾಲೆ ದೋಸೆ ತಿನ್ಬೇಕು ಅಂತ ಮದ್ವೆ ಆದಾಗಿಂದ ಆಸೆ," ಎಂದರು. ಆ ಒಂದು ಸಲ ಮಾತ್ರ ಅವರ ಮಾತು ಪಕ್ಕದ ಮನೆಗೆ ಕೇಳಲಿಲ್ಲ.

ಅವರಿಬ್ಬರನ್ನೇ ಕಳಿಸೋಣವೆಂದರೆ ಅಡ್ಡಿ ಎರಡಿತ್ತು. ಒಂದು ಯಲ್ಲಪ್ಪನವರು, ಇನ್ನೊಂದು ಹಸು. "ಮನೇಲಿ ಮುದ್ದೆ ಇಲ್ವಾ?" ಎಂಬ ಯಲ್ಲಪ್ಪನವರನ್ನು ಗಿರೀಶ ಹೇಗೋ ಒಪ್ಪಿಸಿದ. ಸಂಜೆ ಹಾಲು ಕರೆಯಲು ಪಿಳ್ಳಮ್ಮನವರ ಹೊರತು ಯಾರನ್ನೂ ಗೌರಿ ಹತ್ತಿರ ಬಿಡುತ್ತಿರಲಿಲ್ಲ. ಕೊನೆಗೆ ಗಿರೀಶ ಪಿಳ್ಳಮ್ಮನವರ ಹಳೆ ಸೀರೆ ಸುತ್ತಿಕೊಂಡು ಕರೆಯುವುದೆಂದು ತೀರ್ಮಾನವಾಯಿತು. ಬ್ಯಾಂಕಿನ ಮ್ಯಾನೇಜರಾದ ನನ್ನ ಗಂಡ ನೀಲಿ ಸೀರೆಯುಟ್ಟು ಚೊಂಬು ಹಿಡಿದು ಕೂತ ದೃಶ್ಯ ನನ್ನ ಮೊಬೈಲಿನಲ್ಲಿ ಇನ್ನೂ ಇದೆ.

ಅವರಂಥ ಹಳೆಯ ಮನೆತನಗಳಲ್ಲಿ ಗಂಡಸು ಮುಂದೆ ನಡೆಯಬೇಕು, ಹೆಂಗಸು ಹಿಂದೆ ಬರಬೇಕು. ಹಿಂತಿರುಗಿ ನೋಡಿದರೆ ಹೆಂಡತಿಯ ದಾಸ ಎಂದು ನಗುತ್ತಾರೆ. ಯಲ್ಲಪ್ಪನವರು ಬೈಯಪ್ಪನಹಳ್ಳಿ ಮೆಟ್ರೋದಲ್ಲೂ ಹಾಗೇ ಮುಂದೆ ಹೋಗಿ ರೈಲು ಹತ್ತಿ, ಬಸ್ಸಿನಲ್ಲಿ ಹಾಕುವಂತೆ ಪಕ್ಕದ ಸೀಟಿಗೆ ಟವಲು ಹಾಕಿ, "ಕೂತ್ಕೊ," ಅಂದರಂತೆ. ಯಾರೋ ಕಾಲೇಜು ಹುಡುಗಿ, "ಥ್ಯಾಂಕ್ಸ್ ತಾತ," ಎಂದು ಕೂತಳು. ಆಗ ತಿರುಗಿ ನೋಡಿದರೆ ಬಾಗಿಲು ಮುಚ್ಚಿತ್ತು, ಪಿಳ್ಳಮ್ಮನವರು ಪ್ಲಾಟ್‌ಫಾರ್ಮಿನಲ್ಲೇ ಉಳಿದಿದ್ದರು.

ಯಲ್ಲಪ್ಪನವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸು ಬರುವಷ್ಟರಲ್ಲಿ ಪಿಳ್ಳಮ್ಮನವರು ಇನ್ನೊಂದು ರೈಲು ಹತ್ತಿ ಹಲಸೂರಿಗೆ ಹೋಗಿದ್ದರು. ಇಬ್ಬರಿಗೂ ಸೇರಿ ಇದ್ದ ಒಂದೇ ಮೊಬೈಲು ಮನೆಯಲ್ಲಿ ಚಾರ್ಜಿಗೆ ಬಿದ್ದಿತ್ತು. ಬೈಯಪ್ಪನಹಳ್ಳಿಯಲ್ಲೆಲ್ಲ ಹುಡುಕಿ, ಸಿಗದೆ, ಬೆವೆತು ಹೋಗಿ ಹಲಸೂರಿನಲ್ಲಿ ಇಳಿದಾಗ ಪಿಳ್ಳಮ್ಮನವರು ಬೆಂಚಿನ ಮೇಲೆ ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ಹಾಯಾಗಿ ಕೂತಿದ್ದರಂತೆ.

"ಎಲ್ಲೋಗಿದ್ದೆ?" ಎಂದು ಕೂಗಿದರು ಯಲ್ಲಪ್ಪನವರು.

"ಹಿಂದೇನೇ ಇದ್ದೆ. ನೀವು ತಿರುಗ್ ನೋಡ್ಲಿಲ್ಲ."

ಮಾರನೆಯ ಬೆಳಿಗ್ಗೆ ನನಗೆ ಇದನ್ನೆಲ್ಲ ಹೇಳುತ್ತಾ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಆಮೇಲೆ ಕಳ್ಳನ್ನ ಹಿಡ್ದಂಗೆ ನನ್ ಎಡಗೈ ಹಿಡ್ಕೊಂಡ್ರಮ್ಮ. ಹೋಟ್ಲಲ್ಲೂ ಬಿಡ್ಲಿಲ್ಲ. ಎದುರಿಗೆ ಎಲ್ ಕೂರಾದು? ಪಕ್ಕದಲ್ಲೇ ಕೂತು ಒಂದೇ ಕೈಲಿ ತಿಂದೆ."

"ದೋಸೆ ಹೇಗಿತ್ತು?"

"ಯಾರಿಗ್ ಗೊತ್ತು!" ಅಂದರು. ಮುಖ ಕೆಂಪಾಗಿತ್ತು.

ಪಿಳ್ಳಮ್ಮನವರು ತೀರಿಕೊಂಡಾಗ ನಾವು ಊರಲ್ಲಿರಲಿಲ್ಲ, ಮುಖ ನೋಡಲಾಗಲಿಲ್ಲ. ಆ ಸಂಕಟ ನನ್ನನ್ನು ಬಿಟ್ಟಿಲ್ಲ. ನಾನು ಅವರನ್ನು ಕೊನೆಯ ಸಲ ಕಂಡದ್ದು ನಾವು ಕೆ.ಆರ್. ಪುರಕ್ಕೆ ಮನೆ ಬದಲಾಯಿಸಿದ ದಿನ. ಅದೂ ಗುರುವಾರ, ಅಷ್ಟರಲ್ಲಿ ಅದು ಅವರಿಬ್ಬರೂ ಹೊರಗೆ ಹೋಗುವ ಸಂಜೆಯೂ ಆಗಿತ್ತು. ಮೇಲಿನ ಮನೆಗೆ ಬರುವ ಹೊಸಬರಿಗೆ, ವಾರಕ್ಕೊಂದು ಸಂಜೆ ಸೀರೆಯುಟ್ಟು ಹಾಲು ಕರೆಯಬೇಕೆಂಬ ಷರತ್ತು ಹಾಕಿ ಆಗಿತ್ತು. ಲಾರಿ ತುಂಬಿ ನಿಂತಿತ್ತು. ಮಗಳಿಗೆ ಹಾಕುವಂತೆ ನನಗೆ ಮಡಿಲಕ್ಕಿ ಹಾಕಿದರು. ನಾನು ಅವರ ಹೆಗಲಿಗೊರಗಿ ಅಳತೊಡಗಿದೆ.

"ಅಳಾದೆಲ್ಲ ಬೇಗ ಅತ್ತು ಮುಗ್ಸಮ್ಮ," ಎಂದರು ನನ್ನ ಬೆನ್ನು ಸವರುತ್ತಾ. "ಅವ್ರು ರೋಡಲ್ಲಿ ಕಾಯ್ತವ್ರೆ."

ಮುಡಿಯ ಮಲ್ಲಿಗೆ ಸರಿಮಾಡಿಕೊಂಡು ಹೊರಟೇಬಿಟ್ಟರು. ಯಲ್ಲಪ್ಪನವರು ಮುಂದೆ, ಇವರು ಹಿಂದೆ. ಯಲ್ಲಪ್ಪನವರು ನಾಲ್ಕು ಹೆಜ್ಜೆಗೊಮ್ಮೆ ನಿಂತು, ತಿರುಗಿ, ಬೀದಿಗೆಲ್ಲ ಕೇಳುವಂತೆ, "ಬಂದ್ಯಾ?" ಎನ್ನುತ್ತಿದ್ದರು. ಪಕ್ಕಕ್ಕೇ ಹೋಗಿ ನಡೆಯಬಹುದಿತ್ತು ಪಿಳ್ಳಮ್ಮನವರು. ಹೋಗಲಿಲ್ಲ. ಬೇಕೆಂದೇ ನಿಧಾನ ಮಾಡಿ, ಅವರು ಮತ್ತೊಮ್ಮೆ ತಿರುಗುವುದನ್ನು ಕಾಯುತ್ತಿದ್ದರು.