ಕಣಜದಕ್ಕನ ಕೆಂಪು ಪುಸ್ತಕ

ಬೆಳಗಿನ ಆರು ಗಂಟೆ. ಅಕ್ಕನ ಅಡುಗೆಮನೆಯ ಮೇಜಿನ ಮೇಲೆ ಒಂದು ಕಡೆ ಹಾಲಿನ ಪಾತ್ರೆ, ಇನ್ನೊಂದು ಕಡೆ ಲ್ಯಾಪ್‌ಟಾಪ್. ಕಂಪನಿಯ ಸರ್ವರ್ ಪುಟ ಕಾಣಬೇಕಾದಲ್ಲಿ '502' ಎಂಬ ದೋಷಸಂಖ್ಯೆ ಮಾತ್ರ ಇದೆ. ಫೋನಿನಲ್ಲಿ ತಂಡದ ಮುಖ್ಯಸ್ಥ ಚಡಪಡಿಸುತ್ತಿದ್ದಾನೆ: "ಅಕ್ಕಾ, ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡ್ಬಿಡ್ಲಾ?"

"ನೆಗಡಿ ಬಂತು ಅಂತ ಮೂಗು ಕೊಯ್ಕೋತಾರೇನಪ್ಪಾ? ಸುಮ್ನೆ ಕೂತ್ಕೋ" ಎನ್ನುತ್ತಾರೆ ಅಕ್ಕ.

ಅವನ ಗಾಬರಿ ಸುಳ್ಳಲ್ಲ. ಇವರ ಕಂಪನಿಯ ತಂತ್ರಾಂಶ ಮಕ್ಕಳ ತೂಕ ನೋಡಿ ಆಸ್ಪತ್ರೆಗೆ ಔಷಧದ ಪ್ರಮಾಣ ಹೇಳುತ್ತದೆ. ಅದರಲ್ಲೊಂದು ತಪ್ಪು ನಿನ್ನೆ ಸಿಕ್ಕಿದೆ. ತಿದ್ದಿದ ಕೋಡ್ ಸಿದ್ಧವಿದೆ. ಎಂಟು ಗಂಟೆಗೆ ವಾರ್ಡಿನಲ್ಲಿ ಔಷಧ ಕೊಡುವ ಮೊದಲು ಅದು ಆಸ್ಪತ್ರೆ ತಲುಪಬೇಕು. ಅದು ಹೋಗಬೇಕಾದದ್ದು ಈ ಸರ್ವರ್ ಮೂಲಕವೇ.

ಮೂವತ್ತೆಂಟು ಮಂದಿ ಬರೆದ ಕೋಡ್, ಅದರ ಒಂದೊಂದು ತಿದ್ದುಪಡಿಯ ಸಮೇತ, ಈ ಯಂತ್ರದಲ್ಲಿದೆ. ದಿನಕ್ಕೆ ಇನ್ನೂರು ತಿದ್ದುಪಡಿ, ಎರಡು ಬ್ಯಾಕಪ್. ಪ್ರತಿ ಶುಕ್ರವಾರ ಒಂದು ಬ್ಯಾಕಪ್ಪನ್ನು ಸರಿಯಿದೆಯೇ ಎಂದು ಹಳೆಯ ಕಂಪ್ಯೂಟರಿನಲ್ಲಿ ತೆರೆದು ನೋಡದೆ ಅಕ್ಕ ಮನೆಗೆ ಹೋಗುವುದಿಲ್ಲ. ಸ್ವಾಗತದ ಮೇಜಿನಲ್ಲಿ ಫೋನ್ ಎತ್ತುತ್ತಿದ್ದವರು, ಯಾರೂ ಮುಟ್ಟದ ಈ ಕೆಲಸವನ್ನು ತಾವೇ ಕಲಿತು, ಕೋಡಿನ ಕಣಜ ಕಾಯುವ 'ಕಣಜದಕ್ಕ' ಆದರು. "ಚೆನ್ನಾಗಿ ನಡೀತಿದ್ರೆ ನಾನಿದೀನಿ ಅಂತಲೇ ಗೊತ್ತಿರಲ್ಲ. ಕೆಟ್ಟರೆ ಎಲ್ರಿಗೂ ನಾನೇ ಬೇಕು!"

ಲ್ಯಾಪ್‌ಟಾಪ್ ಪಕ್ಕದಲ್ಲಿ ಕೆಂಪು ರಟ್ಟಿನ ನೋಟ್‌ಪುಸ್ತಕ. ಆರು ವರ್ಷದ ಹಿಂದೆ ರಿಪೇರಿ ಟಿಪ್ಪಣಿಗಳನ್ನೆಲ್ಲ ಅಕ್ಕ ಸರ್ವರಿನಲ್ಲೇ ಇಟ್ಟಿದ್ದರು. ಸರ್ವರ್ ಮಲಗಿತು, ಟಿಪ್ಪಣಿಯೂ ಅದರ ಜೊತೆ ಮಲಗಿತು. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಹಾಗೆ! ಹನ್ನೊಂದು ಗಂಟೆ ಕಚೇರಿಯೇ ಕೈಕಟ್ಟಿ ಕೂತಿತ್ತು. ಅಂದು ಅತ್ತಿದ್ದನ್ನು ಅಕ್ಕ ಮುಚ್ಚಿಡುವುದಿಲ್ಲ. ಅಂದಿನಿಂದ ಎಲ್ಲವೂ ಕೈಬರಹ.

ಪುಟ ತಿರುವಿ, ಅದರಲ್ಲಿ ಬರೆದಂತೆ ಒಂದೊಂದೇ ಪರೀಕ್ಷಿಸುತ್ತಾರೆ. ಯಂತ್ರ ಉಸಿರಾಡುತ್ತಿದೆಯೇ? ಹೌದು. ಡಿಸ್ಕಿನಲ್ಲಿ ಜಾಗ? ಒಂದಿಷ್ಟೂ ಇಲ್ಲ. ಹಳೆಯ ಬ್ಯಾಕಪ್‌ಗಳನ್ನು ತಾನಾಗಿ ತೆಗೆದುಹಾಕುವ ವ್ಯವಸ್ಥೆಯನ್ನು ಕಳೆದ ತಿಂಗಳು ನಿಲ್ಲಿಸಿದ್ದ ಅಕ್ಕ, ಮತ್ತೆ ಶುರುಮಾಡಲು ಮರೆತಿದ್ದಾರೆ; ಅವೇ ಡಿಸ್ಕ್ ತುಂಬಿವೆ. "ನಂದೇ ತಪ್ಪು ಕಣಪ್ಪಾ, ದೀಪದ ಬುಡದಲ್ಲೇ ಕತ್ತಲೆ." ಹಳೆಯ ಪ್ರತಿಗಳನ್ನು ಅಳಿಸದೆ ಬೇರೆ ಡಿಸ್ಕಿಗೆ ಸಾಗಿಸಿ, ಸರ್ವರನ್ನು ಮತ್ತೆ ಎಬ್ಬಿಸುತ್ತಾರೆ. ಸರ್ವರ್ ಪುಟ ತೆರೆಯುತ್ತದೆ. ಏಳು ನಲವತ್ತಕ್ಕೆ ತಿದ್ದುಪಡಿ ಆಸ್ಪತ್ರೆ ತಲುಪುತ್ತದೆ.

ಅಕ್ಕ ತಮ್ಮ ತಪ್ಪನ್ನು ತಾರೀಖು ಹಾಕಿ ಬರೆದುಕೊಳ್ಳುತ್ತಾರೆ. ಅತ್ತಲಿಂದ ಮುಖ್ಯಸ್ಥನ ಉತ್ಸಾಹದ ದನಿ: "ಅಕ್ಕಾ, ಆ ಪುಸ್ತಕದ ಫೋಟೋ ಕಳ್ಸಿ, ಸರ್ವರಿನಲ್ಲೇ ಜೋಪಾನವಾಗಿ ಇಡ್ತೀನಿ."

ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾರೆ.

"ಬೇಡಪ್ಪಾ. ನಾಳೆ ಪೆನ್ ತಗೊಂಡು ಬಾ, ಕೂತು ಬರ್ಕೋ. ನಾನಿಲ್ಲದ ದಿನ ಇದನ್ನ ತೆಗೆದು ಓದೋರು ಒಬ್ರಿದ್ರೆ ನಂಗಷ್ಟೇ ಸಾಕು."