ಬಸ್ಸಿನ ವಿಲ್ಮಾ ಮತ್ತು ಎರಡನೇ ನಕ್ಷೆ

ವಿಲ್ಮಾ ಹ್ಯಾಸ್ಕೆಲ್‌ಳನ್ನು ಹೊಗಳುವ ಯೋಗ್ಯತೆ ನಮ್ಮ ಕಟ್ಲರ್ ಬೀದಿಯಲ್ಲಿ ಯಾರಿಗಾದರೂ ಇದ್ದರೆ ಅದು ನನಗಂತೂ ಅಲ್ಲ. ಆದರೂ ಹೊಗಳುತ್ತೇನೆ.

ಮೆಲ್ವರ್ನ್ ಊರಿನಲ್ಲಿ ಅವಳು ಶಾಲಾ ಬಸ್ಸು ಓಡಿಸಲು ಶುರುಮಾಡಿ ಇಪ್ಪತ್ತಾರು ವರ್ಷವಾಯಿತು. ಓಹಾಯೋದ ಜನವರಿಯಲ್ಲಿ, ಬೆಳಕು ಹರಿಯುವ ಮುಂಚೆಯೇ ಗಾಜಿನ ಮೇಲಿನ ಹಿಮ ಕೆರೆದು ಹೊರಡುವವಳು. ಮೈ ದಪ್ಪ, ಮಾತು ಕಮ್ಮಿ. ಬಸ್ಸಿನಲ್ಲಿ ಅರವತ್ತು ಮಕ್ಕಳು ಕಿರುಚುತ್ತಿದ್ದರೂ ಅವಳು ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಕನ್ನಡಿಯಲ್ಲಿ ನೋಡುತ್ತಾ ಕೂತುಬಿಡುತ್ತಾಳೆ. ಅರ್ಧ ನಿಮಿಷದಲ್ಲಿ ಎಲ್ಲರ ಬಾಯಿಗೂ ಬೀಗ. ನನ್ನ ಮಗಳೂ ಆ ಕನ್ನಡಿಗೆ ಹೆದರಿಯೇ ಬೆಳೆಯುತ್ತಿದ್ದಾಳೆ. ಮನೆಯಲ್ಲಿ ವಿಲ್ಮಾ ಜೊತೆ ಇರುವುದು ಮೊಮ್ಮಗಳು ಟೆಸ್ಸಾ ಒಬ್ಬಳೇ. ಈ ಗಲಾಟೆ ನಡೆದಾಗ ಅವಳು ಲಿಂಡನ್ ಶಾಲೆಯಲ್ಲಿ ನಾಲ್ಕನೇ ಕ್ಲಾಸು.

ಹೋದ ವರ್ಷ ಲಿಂಡನ್‌ನಲ್ಲಿ ಮಕ್ಕಳ ಸಂಖ್ಯೆ ಹೆಚ್ಚಿ ಗ್ರಂಥಾಲಯದಲ್ಲೂ ಪಾಠ ನಡೆಯತೊಡಗಿತು. ಮೂವತ್ತು ಮಕ್ಕಳನ್ನು ರೈಲು ಹಳಿಯಾಚೆಯ ಬ್ರೂಕ್ಸ್ ಶಾಲೆಗೆ ಕಳಿಸಲೇಬೇಕು ಅಂತ ಶಾಲಾ ಮಂಡಳಿ ತೀರ್ಮಾನಿಸಿ, ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಅನ್ನುವ ಎರಡು ನಕ್ಷೆ ಬರೆಸಿತು. ಮೊದಲ ನಕ್ಷೆಯಂತೆ ಊರ ಬಡವರಿರುವ, ತಗಡಿನ ಟ್ರೇಲರ್ ಮನೆಗಳ ಕಾಲೊನಿಯ ಮಕ್ಕಳು ಹೋಗಬೇಕು. ಎರಡನೆಯದರಂತೆ ನಮ್ಮ ಬೀದಿಯ ಮಕ್ಕಳು.

ನಾವು ಸುಮ್ಮನೆ ಕೂರುವ ಪೈಕಿಯಲ್ಲ. ಮನೆ ಮನೆಯ ಮುಂದೆ ಫಲಕ ನೆಟ್ಟೆವು. ನಾನು ಹಸಿರು ಟೀ ಶರ್ಟುಗಳ ಮೇಲೆ ‘ನಮ್ಮ ಮಕ್ಕಳನ್ನು ಅಗಲಿಸಬೇಡಿ’ ಅಂತ ಅಚ್ಚು ಹಾಕಿಸಿದೆ. ಲಿಂಡನ್ ವ್ಯಾಪ್ತಿಯಲ್ಲಿದ್ದರೆ ಮನೆಗೆ ಒಳ್ಳೆಯ ಬೆಲೆ ಅನ್ನುವುದು ಎಲ್ಲರ ಹೊಟ್ಟೆಯೊಳಗಿತ್ತು, ಬಾಯಲ್ಲಿ ಮಾತ್ರ ಮಕ್ಕಳ ಗೆಳೆತನ. ಸಭೆಯಲ್ಲಿ ಒಬ್ಬೊಬ್ಬರಿಗೆ ಮೂರು ನಿಮಿಷ. ಬಸ್ಸು ಓಡಿಸುವವಳ ಮಾತಿಗೆ ತೂಕ ಜಾಸ್ತಿ ಅಂತ ಕೊನೆಯ ಸರದಿಯನ್ನು ವಿಲ್ಮಾಗೆ ಇಟ್ಟೆವು. ಭಾಷಣವನ್ನೂ ನಾನೇ ಬರೆದು ಕೊಟ್ಟೆ.

ಅವಳು ನಿಧಾನವಾಗಿ ಓದಿ ಮಡಚಿದಳು. "ಚೆನ್ನಾಗಿ ಬರ್ದಿದೀಯ ಮಾರ್ಲಾ. ಆದ್ರೆ ನಾನು ಕಂಡಿದ್ದನ್ನ ಹೇಳ್ತೀನಿ, ಅಷ್ಟೆ."

"ಅದೇ ತಾಯಿ ಬೇಕಾಗಿರೋದು," ಅಂದೆ. ಎಂಥ ಜಾಣೆ ನಾನು.

ಸಭೆ ಸಂಜೆ ಆರಕ್ಕೆ, ಶಾಲೆಯ ಆಟದ ಹಾಲಿನಲ್ಲಿ. ಎಲ್ಲಿ ನೋಡಿದರೂ ಹಸಿರು ಶರ್ಟು. ಕಾಲೊನಿಯಿಂದ ಒಬ್ಬರೂ ಬಂದಿರಲಿಲ್ಲ. ಅಲ್ಲಿಯ ಹೆಚ್ಚಿನವರಿಗೆ ಕೋಳಿ ಮಾಂಸದ ಕಾರ್ಖಾನೆಯಲ್ಲಿ ಸಂಜೆ ಪಾಳಿ. ನಮಗೆ ಅದು ಗೊತ್ತಿತ್ತು, ಒಳಗೊಳಗೇ ಸಮಾಧಾನವೂ ಆಗಿತ್ತು. ಇವತ್ತು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ವಿಲ್ಮಾ ಬಿಗಿಯಾದ ಹಸಿರು ಶರ್ಟಿನಲ್ಲಿ ಮೈಕಿನ ಮುಂದೆ ನಿಂತಳು. ನನ್ನ ಭಾಷಣ ಜೇಬಿನಿಂದ ಹೊರಗೆ ಬರಲಿಲ್ಲ.

"ಎರಡು ವರ್ಷದ ಹಿಂದೆ ಬೇರೆಯವರ ರಜೇಲಿ ಒಂದು ತಿಂಗ್ಳು ಹಳಿ ದಾಟೋ ಬಸ್ಸು ಓಡ್ಸಿದೀನಿ. ಬೆಳಿಗ್ಗೆ ಗೂಡ್ಸ್ ರೈಲು ಗೇಟಲ್ಲೇ ನಿಂತ್ಬಿಡುತ್ತೆ. ಇಪ್ಪತ್ತು ನಿಮಿಷ, ಒಂದೊಂದು ದಿನ ನಲವತ್ತು. ಬ್ರೂಕ್ಸಲ್ಲಿ ಮಕ್ಕಳಿಗೆ ಕೊಡೋ ತಿಂಡಿ ಎಂಟಕ್ಕೆ ಮುಗಿಯುತ್ತೆ. ಆಮೇಲೆ ಅಡುಗೆಮನೆ ಷಟರ್ ಎಳೀತಾರೆ. ಒಬ್ಳು ಪುಟ್ಟ ಹುಡುಗಿ ನನ್ನ ಹಿಂದಿನ ಸೀಟಲ್ಲಿ ಕೂತು ಸಾಸ್ ಪೊಟ್ಟಣ ಹರಿದು ನೆಕ್ತಿದ್ಲು. ಅವತ್ತಿಗೆ ಅದೇ ಅವಳ ತಿಂಡಿ. ಶಾಲೆ ತಿಂಡೀನೇ ನಂಬಿರೋ ಕಾಲೊನಿ ಮಕ್ಕಳೂ ಅದೇ ಗೇಟ್ ದಾಟ್ಬೇಕು. ಹಳಿ ಮೇಲಿನ ಸೇತುವೆ ಸುತ್ತಿ ಹೋದ್ರೂ ತಡಾನೇ."

ಮಂಡಳಿಯ ಅಧ್ಯಕ್ಷರು ಕನ್ನಡಕ ತೆಗೆದರು. "ಮೇಡಂ, ಸಂಜೆಯಿಂದ ಎಲ್ಲಾ ನಮ್ಮನ್ನ ಕಳಿಸ್ಬೇಡಿ ಅಂತಾನೇ ಹೇಳ್ತಿದಾರೆ. ಯಾರನ್ನ ಕಳಿಸೋದು ಅಂತ ನೀವಾದ್ರೂ ಹೇಳಿ."

"ಕಟ್ಲರ್ ಬೀದಿಯವರನ್ನ ಕಳಿಸಿ. ನಾವಿರೋದು ಸೇತುವೆ ಬುಡದಲ್ಲೇ. ಬ್ರೂಕ್ಸ್‌ಗೆ ಒಂಬತ್ತು ನಿಮಿಷ, ರೈಲಿನ ಕಾಟ ಇಲ್ಲ. ನನ್ನ ಮನೇನೂ ಅಲ್ಲೇ ಇರೋದು."

ಅವಳ ಪಕ್ಕದ ಮನೆಯ ರಸ್ ಎದ್ದುನಿಂತ. "ಹಾಗಾದ್ರೆ ಆ ಶರ್ಟ್ ಬಿಚ್ಚಿಡು ವಿಲ್ಮಾ."

"ಇಲ್ಲೇ ಬಿಚ್ಚಿದ್ರೆ ನೀನೇ ಕಣ್ಣು ಮುಚ್ಕೋತೀಯ ಕಣೋ," ಅಂದಳು. "ನಾಳೆ ಒಗೆದು ಕೊಡ್ತೀನಿ." ಕೊಟ್ಟಳು ಕೂಡ, ಇಸ್ತ್ರಿ ಮಾಡಿ.

ಮುಂದಿನ ವಾರ ಮಂಡಳಿ ಮತ ಹಾಕಿತು. ಮೂರಕ್ಕೆ ನಾಲ್ಕು, ಎರಡನೇ ನಕ್ಷೆಯೇ ಗೆದ್ದಿತು. ನನ್ನ ಮೈಯೆಲ್ಲ ಉರಿದುಹೋಯಿತು. ಏನೇನು ಅನ್ನಬೇಕು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಾ ನೇರ ಅವಳ ಮನೆಗೆ ನಡೆದೆ. ಹಿತ್ತಲ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಟೆಸ್ಸಾ ಬಿಕ್ಕುತ್ತಿದ್ದಳು. ಲಿಂಡನ್‌ನಲ್ಲಿ ಅವಳಿಗೆ ಬಾಕಿ ಇದ್ದದ್ದು ಇನ್ನೊಂದೇ ವರ್ಷ. ಅವಳ ಜೀವದ ಗೆಳತಿ ಇರುವುದು ಬೇರೆ ಬೀದಿಯಲ್ಲಿ, ಆ ಹುಡುಗಿ ಲಿಂಡನ್‌ನಲ್ಲೇ ಉಳಿಯುತ್ತಾಳೆ.

"ಯಾರ್ಯಾರದೋ ಮಕ್ಕಳ ವಿಷ್ಯ ಎಲ್ಲಾ ಹೇಳ್ದೆ. ನಾನೂ ಇದೇ ಬೀದೀಲಿ ಇದೀನಿ ಅಂತ ನೆನಪಾಗ್ಲಿಲ್ವಾ ಅಜ್ಜಿ?"

ವಿಲ್ಮಾ ಕುರ್ಚಿ ಎಳೆದು ಅವಳೆದುರು ಕೂತಳು.

"ಮೊದ್ಲು ನೆನಪಾಗಿದ್ದೇ ನೀನು ಪುಟ್ಟಾ. ದಿನಾ ಬಸ್ಸಿಗೆ ಹೋಗೋಕ್ ಮುಂಚೆ ನಿಂಗೆ ಎರಡು ಮೊಟ್ಟೆ ಬೇಯ್ಸಿ ಈ ಮೇಜಿನ ಮೇಲೆ ಇಟ್ಟು ಹೋಗ್ತೀನಲ್ಲ. ನಿನ್ನನ್ನ ಯಾವ ಶಾಲೆಗೆ ಹಾಕಿದ್ರೂ ನೀನು ಹಸ್ಕೊಂಡು ಹೋಗಲ್ಲ. ಅದೊಂದು ಗೊತ್ತಿತ್ತು, ಅದಕ್ಕೇ ಹೇಳೋಕಾಯ್ತು."

ಟೆಸ್ಸಾ ಅಳು ನಿಲ್ಲಿಸಲಿಲ್ಲ. ವಿಲ್ಮಾ ಅವಳನ್ನು ಎಳೆದು ತಬ್ಬಿಕೊಂಡು ತಾನೂ ಅತ್ತಳು. ಅಷ್ಟು ವರ್ಷದಲ್ಲಿ ವಿಲ್ಮಾ ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಜಗಳಕ್ಕೆಂದು ಹೋದವಳು ಬಾಗಿಲು ತಟ್ಟದೆ ವಾಪಸು ಬಂದೆ.