ನಾನ್ ಪಕ್ಕಕ್ಕೆ ಹೋದ ನಮ್ಮ ರೊಟ್ಟಿ

ಗೆಳೆಯರೇ, ಈ ಡಾಲರ್ ನಾಡಿನಲ್ಲಿ ಸರಟೋಗಾ ಊರಿನಿಂದ ಬರ್ಕ್ಲಿಯವರೆಗೆ ಎಲ್ಲರಿಗೂ ಜೋಳದ ರೊಟ್ಟಿ ಬಡಿಯಲು ಕಲಿಸಿದವನು ನಾನೇ. ಹೆಂಡತಿ ತೀರಿಕೊಂಡ ಮೇಲೆ ಇಂದು ಮೊದಲ ಸಲ ನಾನೇ ರೊಟ್ಟಿ ಬಡಿದು, ಎಲ್ಲರೂ ಮನೆಯಡುಗೆ ತಂದು ಹಂಚಿಕೊಳ್ಳುವ ಫಾಸ್ಟರ್ ಸಿಟಿಯ ಪಾಟ್‌ಲಕ್ಕಿಗೆ ಒಯ್ದು, ಸೌತ್ ಇಂಡಿಯನ್ ಮೇಜಿನ ಮೇಲಿಟ್ಟೆ. ಉಸ್ತುವಾರಿಗಿದ್ದ ಬೆಂಗಳೂರಿನ ಹುಡುಗಿ ಅದನ್ನೆತ್ತಿ ಆಚೆ ಮೇಜಿನ ನಾನ್ ಪಕ್ಕಕ್ಕಿಟ್ಟಳು.

"ಅಂಕಲ್, ರೊಟ್ಟಿ ಎಲ್ಲಾ ನಾರ್ತ್ ಟೇಬಲ್ಲು. ಇಲ್ಲಿ ಇಡ್ಲಿ, ದೋಸೆ ಅಷ್ಟೇ."

"ಯವ್ವಾ, ನಮ್ಮ ಕಲಬುರಗಿ ಕರ್ನಾಟಕದಾಗೇ ಅದ!"

"ಗೊತ್ತು ಅಂಕಲ್. ಆದ್ರೂ ಸೌತ್ ಅಂತ ಅನ್ಸಲ್ಲ."

ಪಕ್ಕದಲ್ಲಿದ್ದ ಮೊಮ್ಮಗಳಿಗೆ ಮೀಸೆ ತಿರುವಿ ಹೇಳಿದೆ: "ಎಲ್ಲಿಟ್ರೂ ನಿಮ್ಮಜ್ಜಿ ರೊಟ್ಟಿ ಒಂದೂ ಉಳಿಯಂಗಿಲ್ಲ. ಬೆಟ್ ಕಟ್ಟು."

"ಓಕೆ, ಅಜ್ಜಾ."

ಬಂದವರೆಲ್ಲ ನಾನ್ ಹರಿದುಕೊಂಡು ಹೋದರು. ರೊಟ್ಟಿ ಅಷ್ಟೂ ನನ್ನ ಜೊತೆಗೇ ಕಾರಿನಲ್ಲಿ ಮನೆಗೆ ಬಂತು. ಸಾವಿರ ಡಾಲರ್ ಸೋತೆ ಎಂದು ಬರೆಯುವವನಿದ್ದೆ. ಸೋತದ್ದು ಐದೇ ಡಾಲರ್. ಅದನ್ನೂ ಮೊಮ್ಮಗಳು ಇಸಿದುಕೊಳ್ಳಲಿಲ್ಲ.